ಜೀಪಿಗೂ ಕೀಲುನೋವು

ಬೆಟ್ಟದ ಊರುಗಳಿಂದ ತಾಳವಾಡಿ ಕಡೆಯ ನಮ್ಮ ಶಾಲೆಗೆ ಮಕ್ಕಳನ್ನು ತರುವ ಜೀಪು ಎರಡು ದಿನ ಬರಲಿಲ್ಲ. ಅದಕ್ಕೂ ಮುಂಚೆ ಆರನೇ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಹಳ್ಳ ಬಂದಾಗೆಲ್ಲ ಮುಂದಿನ ಚಕ್ರ ಟಕ್ ಟಕ್ ಅಂತದೆ" ಅಂದಿದ್ದಳು. ಡ್ರೈವರ್ ಅಣ್ಣನಿಗೆ ಹೇಳಿದೆ. ಗ್ಯಾರೇಜಿನಲ್ಲಿ ನೋಡಿದರೆ ಬಾಲ್ ಜಾಯಿಂಟ್ ಸವೆದಿತ್ತು!

ಏನಿದು ಬಾಲ್ ಜಾಯಿಂಟ್? ಮಕ್ಕಳೇ, ನಿಮ್ಮ ಸೊಂಟದಲ್ಲಿ ತೊಡೆಮೂಳೆಯ ಗುಂಡು ತಲೆ ಬಟ್ಟಲಿನಂಥ ಕುಳಿಯೊಳಗೆ ಕೂತಿದೆ. ಅದಕ್ಕೇ ಕಾಲನ್ನು ಎಲ್ಲ ಕಡೆಗೂ ಆಡಿಸಬಹುದು. ಬಾಗಿಲಿನ ಕೀಲು ಹಾಗಲ್ಲ, ಒಂದೇ ದಾರಿಯಲ್ಲಿ ತಿರುಗುತ್ತೆ. ಜೀಪಿನ ಮುಂದಿನ ಚಕ್ರ ಸ್ಟೇರಿಂಗ್ ತಿರುಗಿಸಿದಂತೆ ತಿರುಗಲೂ ಬೇಕು, ಹಳ್ಳದಲ್ಲಿ ಏರಿಳಿಯಲೂ ಬೇಕು. ಹಾಗಾಗಿ ಅಲ್ಲೂ ಉಕ್ಕಿನ ಗುಂಡು, ಬಟ್ಟಲು. ಈ ಜೀಪಿನಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಮೇಲೊಂದು, ಕೆಳಗೊಂದು. ಫೋರ್ ವೀಲ್ ಡ್ರೈವ್ ಆದ್ದರಿಂದ ಎರಡರ ನಡುವೆ ಚಕ್ರ ತಿರುಗಿಸುವ ಆಕ್ಸಲ್ ಹಾದುಹೋಗುತ್ತೆ.

ಗುಂಡಿನ ಸುತ್ತ ಗ್ರೀಸ್, ಅದರ ಮೇಲೆ ರಬ್ಬರ್ ಟೋಪಿ. ಟೋಪಿ ಹರಿದರೆ ನೀರು, ಮರಳು ಒಳನುಗ್ಗಿ ಘರ್ಷಣೆ ಹೆಚ್ಚುತ್ತೆ, ಕೀಲು ಸವೆದು ಸಡಿಲವಾಗುತ್ತೆ. ಪೂರ್ತಿ ಕಳಚಿದರೆ ಚಕ್ರವೇ ವಾಲಿಬಿಡುತ್ತೆ. 27 ಹೇರ್‌ಪಿನ್ ತಿರುವಿರುವ ದಿಂಬಂ ಘಾಟಿಯಲ್ಲಿ ಹಾಗಾದರೆ ಗತಿಯೇನು?

ಮೆಕ್ಯಾನಿಕ್ ಪತ್ತೆ ಮಾಡಿದ್ದು ಹೇಗೆ ಗೊತ್ತಾ? ಕೆಳಗಿನ ತೋಳಿಗೆ ಜಾಕ್ ಕೊಟ್ಟು ಚಕ್ರ ಎತ್ತಿದರು. ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡನ್ನೂ ಇಟ್ಟರು. ಟಯರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಚಕ್ರ ಆಡಿತು. ತಪ್ಪು ಚಕ್ರದ ಬೇರಿಂಗಿನದೋ, ಬಾಲ್ ಜಾಯಿಂಟಿನದೋ? ಒಬ್ಬರನ್ನು ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿದರು. ಬ್ರೇಕ್ ಹಿಡಿದಾಗ ಬೇರಿಂಗಿನ ಸಡಿಲ ಗೊತ್ತಾಗುವುದಿಲ್ಲ. ಆಗಲೂ ಚಕ್ರ ಆಡಿತು, ಅಂದರೆ ಕಳ್ಳ ಬಾಲ್ ಜಾಯಿಂಟೇ! ಒಂದು ಕಾರಣವನ್ನು ಕಟ್ಟಿಹಾಕಿ ಇನ್ನೊಂದನ್ನು ಪರೀಕ್ಷಿಸುವುದು. ನಿಮ್ಮ ವಿಜ್ಞಾನ ಪ್ರಯೋಗದಲ್ಲೂ ಮಾಡುವುದು ಇದನ್ನೇ.

ಆಮೇಲೆ ಸ್ಪ್ಲಿಟ್ ಪಿನ್ ತೆಗೆದು, ನಟ್ ಸಡಿಲಿಸಿ, ಪುಲ್ಲರ್‌ನಿಂದ ಹಳೆಯದನ್ನು ಬಿಡಿಸಿದರು. ಅದರ ಕಡ್ಡಿ ಗೂಟದಂತೆ ತುದಿಗೆ ಸಪೂರ. ತೂತಿನಲ್ಲಿ ಬಿಗಿಯಾಗಿ ಕಚ್ಚಿಕೊಂಡಿರುತ್ತೆ, ಸುಮ್ಮನೆ ಎಳೆದರೆ ಬರೋದಿಲ್ಲ. ಹೊಸದನ್ನು ಕೂರಿಸಿ, ಕಂಪನಿ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿದರು. ಕುಲುಕಾಟಕ್ಕೆ ನಟ್ ಬಿಚ್ಚದಿರಲು ಹೊಸ ಸ್ಪ್ಲಿಟ್ ಪಿನ್ ಹಾಕಿದರು. ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ಸರಿಮಾಡಿದರು.

ಜೀಪು ಮತ್ತೆ ಬರುತ್ತಿದೆ. ಸದ್ದಿಲ್ಲ. ನೀವು ಹತ್ತುವ ಗಾಡಿಯ ಸದ್ದಿಗೂ ಕಿವಿಗೊಡಿ. ಬದಲಾದರೆ ಡ್ರೈವರ್‌ಗೆ ಹೇಳಿ, ಸಂಕೋಚ ಬೇಡ.