ಮೂವತ್ತು ದಿನ, ಇಪ್ಪತ್ತೈದು ಅಕ್ಷರ

ಅಕ್ಟೋಬರ್ ಬಂತೆಂದರೆ ಚಿತ್ರ ಬಿಡಿಸುವವರ ಮೊಬೈಲ್‌ಗಳಲ್ಲಿ ಒಂದೇ ಮಾತು: ಇಂಕ್‌ಟೋಬರ್. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ ಶಾಯಿಯಲ್ಲಿ ತಮ್ಮ ಕೈ ಪಳಗಲಿ ಎಂದು 2009ರಲ್ಲಿ ತಮಗೆ ತಾವೇ ಹಾಕಿಕೊಂಡ ಸವಾಲು ಅದು. 31 ದಿನ, 31 ಚಿತ್ರ. ಇವತ್ತು ಜಗತ್ತಿನ ಮೂಲೆಮೂಲೆಯಲ್ಲಿ ಅದನ್ನು ಮಾಡುವವರಿದ್ದಾರೆ. ಮೇ ತಿಂಗಳಿಗೆ ಮತ್ಸ್ಯಕನ್ಯೆಯರ ‘ಮರ್‌ಮೇ’ ಕೂಡ ಇದೆ. ಶಾಯಿ, ಕಾಗದ ಬಿಟ್ಟು ಲ್ಯಾಪ್‌ಟಾಪಿನಲ್ಲೋ ಮೊಬೈಲಿನಲ್ಲೋ ಬಿಡಿಸುವ ನಮ್ಮಂಥವರೂ ಈ ಸಾಲಿಗೆ ಸೇರಿಕೊಂಡಿದ್ದೇವೆ.

ಶುರು ಮಾಡುವವರು ಬಹಳ, ಮುಗಿಸುವವರು ಕಡಿಮೆ. ಏಳನೆಯದೋ ಎಂಟನೆಯದೋ ಚಿತ್ರದ ಹೊತ್ತಿಗೆ ಉತ್ಸಾಹ ಇಳಿದಿರುತ್ತದೆ. ‘ನಾನು ಸೋಮಾರಿ’ ಎಂದು ಬೈದುಕೊಂಡು ಸುಮ್ಮನಾಗುತ್ತಾರೆ. ನನ್ನ ಗೆಳೆಯ ಗೆಳತಿಯರನ್ನು ನೋಡಿದ ಮೇಲೆ ನನಗನಿಸಿದ್ದು, ಇದರಲ್ಲಿ ಸೋಮಾರಿತನದ ಪಾಲು ಕಡಿಮೆ. ದಿನಾ ಕೂತಾಗ ಮಾಡಬೇಕಾದ ತೀರ್ಮಾನಗಳೇ ಮನುಷ್ಯನನ್ನು ದಣಿಸುತ್ತವೆ. ಏನು ಬಿಡಿಸಲಿ? ಎಷ್ಟು ದೊಡ್ಡದು? ಯಾವ ಬ್ರಷ್? ಯಾವ ಬಣ್ಣ? ಕಾಗದದ ಮೇಲೆ ಗೆರೆ ಬಿದ್ದರೆ ಬಿತ್ತು. ಡಿಜಿಟಲ್‌ನಲ್ಲಿ ಅನ್‌ಡೂ ಇದೆ, ನೂರಾರು ಬ್ರಷ್ ಇವೆ, ಲಕ್ಷಾಂತರ ಬಣ್ಣಗಳಿವೆ. ಒಂದು ಗೆರೆಯನ್ನು ಇಪ್ಪತ್ತು ಸಲ ಅಳಿಸಿ ಬರೆಯಬಹುದು. ಆ ಇಪ್ಪತ್ತು ಸಲದಲ್ಲೇ ರಾತ್ರಿ ಹನ್ನೆರಡಾಗುತ್ತದೆ.

ಹಾಗಾಗಿ ತಿಂಗಳ ಸವಾಲಿನ ಅರ್ಧ ಕೆಲಸ ಒಂದನೇ ತಾರೀಖಿಗೆ ಮೊದಲೇ ಮುಗಿದಿರಬೇಕು. ಮೊದಲೇ ತೀರ್ಮಾನಿಸಬಹುದಾದ್ದೆಲ್ಲವನ್ನೂ ತೀರ್ಮಾನಿಸಿಟ್ಟರೆ, ದಿನಕ್ಕೆ ಉಳಿಯುವ ಕೆಲಸ ಒಂದೇ: ಕೂತು ಬಿಡಿಸುವುದು.

ಒಂದೇ ಚೌಕಟ್ಟು

ಇದಕ್ಕೆ ನಮ್ಮವರದ್ದೇ ಉದಾಹರಣೆ ಇದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್ ಅವರ ‘ಯೂ ಸೆಡ್ ಇಟ್’ ಪಾಕೆಟ್ ಕಾರ್ಟೂನ್ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಶುರುವಾದದ್ದು 1951ರಲ್ಲಿ. ತಿಂಗಳಲ್ಲ, ದಶಕಗಳ ಕಾಲ ಅವರು ಅದನ್ನು ಬರೆದರು. ಆ ಕಾರ್ಟೂನ್‌ಗಳನ್ನು ಸಾಲಾಗಿ ನೋಡಿ. ಚೌಕದ ಅಳತೆ ಬದಲಾಗುವುದಿಲ್ಲ. ಬಣ್ಣದ ಗೊಡವೆ ಇಲ್ಲ. ಚೌಕಳಿ ಕೋಟು, ಪಂಚೆ, ಕನ್ನಡಕದ ಶ್ರೀಸಾಮಾನ್ಯ ಎಲ್ಲೋ ಒಂದು ಕಡೆ ನಿಂತಿರುತ್ತಾನೆ, ಮಾತಾಡುವುದಿಲ್ಲ. ಇಷ್ಟೆಲ್ಲ ಮೊದಲೇ ಗಟ್ಟಿಯಾಗಿರುವುದರಿಂದ ಹೊಸದಾಗಿ ಹೊಳೆಯಬೇಕಾದ್ದು ಅವತ್ತಿನ ಕಿಡಿ ಮಾತ್ರ. ನಾವು ಕಲಿಯಬೇಕಾದದ್ದು ಇದನ್ನೇ.

ನಾನು ಧಾರವಾಡದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಪುಸ್ತಕಗಳಿಗೆ, ಅಂಗಡಿಗಳಿಗೆ ಚಿತ್ರ ಬಿಡಿಸುವ ಕೆಲಸ ಹಿಡಿಯಬೇಕು ಎನ್ನುವುದು ಆಸೆ. ಚಿತ್ರಕಲಾ ಶಾಲೆಯ ಸರ್ಟಿಫಿಕೇಟ್ ಇಲ್ಲದವರಿಗೆ ಪೋರ್ಟ್‌ಫೋಲಿಯೊ ಒಂದೇ ಸರ್ಟಿಫಿಕೇಟ್. ಹಳೆಯ ಲ್ಯಾಪ್‌ಟಾಪ್, ಒಂದು ಚಿಕ್ಕ ಪೆನ್ ಟ್ಯಾಬ್ಲೆಟ್, ದುಡ್ಡು ಕೊಡದೆ ಸಿಗುವ ‘ಕ್ರಿಟಾ’ ತಂತ್ರಾಂಶ, ಇಷ್ಟೇ ನನ್ನ ಸಾಮಾನು. ದಸರಾ ಗಡಿಬಿಡಿಯ ಅಕ್ಟೋಬರ್ ಬಿಟ್ಟು ಕಳೆದ ನವೆಂಬರ್ ಆರಿಸಿಕೊಂಡೆ. ರಾಜ್ಯೋತ್ಸವದ ತಿಂಗಳು. ವಿಷಯವೂ ಕನ್ನಡದ್ದೇ ಇರಲಿ ಎಂದುಕೊಂಡು ವರ್ಣಮಾಲೆ ಹಿಡಿದೆ.

ವರ್ಗಕ್ಕೊಂದು ವಾರ

ಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಿ. ವರ್ಗೀಯ ವ್ಯಂಜನಗಳು 25. ಕ, ಚ, ಟ, ತ, ಪ ಎಂದು ಐದು ವರ್ಗ, ಒಂದೊಂದರಲ್ಲಿ ಐದು ಅಕ್ಷರ. ಪ್ರತಿ ವರ್ಗದ ಕೊನೆಗೆ ಒಂದು ಅನುನಾಸಿಕ: ಙ, ಞ, ಣ, ನ, ಮ. ಐದು ಅಕ್ಷರಕ್ಕೆ ಒಂದು ಖಾಲಿ ದಿನ ಸೇರಿಸಿದರೆ ವರ್ಗಕ್ಕೆ ಆರು ದಿನ, ಐದು ವರ್ಗಕ್ಕೆ ಸರಿಯಾಗಿ 30 ದಿನ. ನವೆಂಬರ್‌ಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ.

ಮೊದಲ ನಾಲ್ಕು ಅಕ್ಷರಗಳಿಗೆ ಪೂರ್ತಿ ಚಿತ್ರ. ಕ ಅಂದರೆ ಕಂಬಳಿ, ಖ ಅಂದರೆ ಖಾರದ ಪುಡಿ, ಗ ಅಂದರೆ ಗಡಿಗೆ, ಘ ಅಂದರೆ ಘಟ. ಐದನೆಯ ದಿನ ಙ. ಕನ್ನಡದಲ್ಲಿ ಙ, ಞ, ಣ ಇವುಗಳಿಂದ ಶುರುವಾಗುವ ಬಳಕೆಯ ಪದಗಳೇ ಇಲ್ಲ. ಆದ್ದರಿಂದ ಅವತ್ತು ಅಕ್ಷರವನ್ನೇ ಅಂದವಾಗಿ ಬಿಡಿಸುವುದು. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ನ, ಮ ಗಳಿಗೂ ಇದೇ ನಿಯಮ. ಆರನೆಯ ದಿನ ಖಾಲಿ. ಹೀಗೆ ನಾಲ್ಕು ದಿನ ದುಡಿತ, ಒಂದು ದಿನ ಹಗುರ, ಒಂದು ದಿನ ಬಿಡುವು ಎನ್ನುವ ಲಯ ತಾನಾಗಿ ಸಿಕ್ಕಿತು.

ಅಕ್ಟೋಬರ್ ಕೊನೆಯ ವಾರ ಪದಗಳ ಪಟ್ಟಿ ಮುಗಿಸಿದೆ. ಡ ಗೆ ಡೊಳ್ಳು, ಛ ಗೆ ಛತ್ರಿ ಸುಲಭ. ಢ ಗೆ ತಡಕಾಡಿ, ಕರಾವಳಿಯ ನಾಗಮಂಡಲದಲ್ಲಿ ಬಾರಿಸುವ ಢಕ್ಕೆ ಸಿಕ್ಕಿತು. ಈ ತಡಕಾಟ ಮೊದಲೇ ಆಗಿರಬೇಕು. ಢ ದಿನ ಬೆಳಿಗ್ಗೆ ನಿಘಂಟು ತೆಗೆದು ಕೂತರೆ ಸಂಜೆ ಚಿತ್ರ ಆಗುವುದಿಲ್ಲ. ಪಟ್ಟಿ ಆದ ಮೇಲೆ ಮಾರುಕಟ್ಟೆಗೆ ಹೋಗಿ ಗಡಿಗೆ, ಕಂಬಳಿ, ಬುಟ್ಟಿಗಳ ಫೋಟೊ ನಾನೇ ತೆಗೆದುಕೊಂಡೆ. ನೆಟ್‌ನಲ್ಲಿ ಸಿಕ್ಕ ಇನ್ನೊಬ್ಬರ ಫೋಟೊ ನೋಡಿ ಹಾಗೆಯೇ ಬಿಡಿಸಿದರೆ, ಮುಂದೆ ಅದನ್ನು ಮಾರುವಾಗ ಹಕ್ಕಿನ ತಕರಾರು ಬರಬಹುದು. ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳನ್ನು ಹಾಕಿ, ಪ್ರತಿ ಚಿತ್ರದ ಅಂದಾಜು ಗೀಚಿಟ್ಟೆ. ಕರೆಂಟು ಹೋದಾಗಲೂ ಮಾಡಬಹುದಾದ ಕೆಲಸ ಇದು.

ನಿಮ್ಮ ವಿಷಯ ಅಕ್ಷರವೇ ಆಗಬೇಕಿಲ್ಲ. ಊರಿನ ಅಂಗಡಿಗಳು, ಬಸ್ಸಿನಲ್ಲಿ ಕಂಡ ಮುಖಗಳು, ಅಜ್ಜಿಯ ಅಡುಗೆಮನೆಯ ಸಾಮಾನುಗಳು, ಯಾವುದಾದರೂ ಸರಿ. ಆದರೆ ಒಂದೇ ದಾರದಲ್ಲಿ ಪೋಣಿಸಿದಂತಿರಲಿ. ಬಿಡಿಬಿಡಿ 25 ಚಿತ್ರಗಳಿಗಿಂತ ಒಂದು ಸರಣಿಯ 25 ಚಿತ್ರಗಳು ನೋಡುವವರಿಗೆ ಹೆಚ್ಚು ಹೇಳುತ್ತವೆ.

ಖಾಲಿ ಕಡತ, ಒಂದು ತಾಸು

ಡಿಜಿಟಲ್ ಚಿತ್ರಕಾರರು ಮೊದಲೇ ಸಿದ್ಧ ಮಾಡಿಡಬೇಕಾದ ಇನ್ನೊಂದು ವಸ್ತು ಖಾಲಿ ಕಡತ. ನನ್ನದು 2160×2700 ಪಿಕ್ಸೆಲ್. ಇನ್‌ಸ್ಟಾಗ್ರಾಂನ 4:5 ಅಳತೆಗೆ ಸರಿಹೊಂದುತ್ತದೆ. 300 ಡಿಪಿಐನಲ್ಲಿ ಮುದ್ರಿಸಿದರೆ 7.2×9 ಇಂಚು ಬರುತ್ತದೆ. ಇನ್ನೂ ದೊಡ್ಡದಾದರೆ ನನ್ನ ಲ್ಯಾಪ್‌ಟಾಪ್ ತಿಣುಕುತ್ತದೆ. ಕಡತದೊಳಗೆ ಕಚ್ಚಾ ಗೆರೆ, ಗೆರೆ, ಬಣ್ಣ, ನೆರಳು ಎಂದು ನಾಲ್ಕು ಲೇಯರ್. ಬದಿಗೆ ಐದೇ ಬಣ್ಣಗಳ ಪಟ್ಟಿ. ಬ್ರಷ್ ಎರಡೇ. ದಿನಾ ಈ ಕಡತವನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡು ಶುರು ಮಾಡುವುದು. ಐದೇ ಬಣ್ಣ ಇದ್ದುದರಿಂದ ಕೊನೆಗೆ ಎಲ್ಲ ಚಿತ್ರಗಳೂ ಒಂದೇ ಮನೆಯವರಂತೆ ಕಂಡವು.

ಸಮಯಕ್ಕೂ ಬೇಲಿ ಬೇಕು. ಒಂದು ತಾಸನ್ನು ಹೀಗೆ ಹಂಚಿದ್ದೆ: ನೋಟ್‌ಬುಕ್ಕಿನ ಗೀಚನ್ನು ದೊಡ್ಡದು ಮಾಡಿಕೊಳ್ಳಲು 10 ನಿಮಿಷ, ಕಚ್ಚಾ ಗೆರೆಗೆ 15, ಗೆರೆ ತಿದ್ದಲು 15, ಬಣ್ಣಕ್ಕೆ 15, ಉಳಿಸಿ, ನಕಲು ಮಾಡಿ, ಲೆಕ್ಕ ಬರೆಯಲು 5. ಪೆನ್‌ಡ್ರೈವ್‌ಗೊಂದು ನಕಲು ಹಾಕುವುದನ್ನು ಆ ಐದು ನಿಮಿಷದಲ್ಲೇ ಮುಗಿಸಿ. ತಿಂಗಳ ಕೆಲಸ ಒಂದು ಹಾರ್ಡ್‌ಡಿಸ್ಕಿನ ಮೇಲೆ ನಿಂತಿರಬಾರದು.

ಮೈಗೂ ಒಂದಿಷ್ಟು ಕಾಳಜಿ ಇರಲಿ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ ಎಂದು ಕಣ್ಣಿನ ವೈದ್ಯರು ಹೇಳುವುದುಂಟು. ಮಣಿಕಟ್ಟು ನೋಯತೊಡಗಿದರೆ ಅವತ್ತಿಗೆ ಸಾಕು ಮಾಡಿ. ನೋವು ಸಹಿಸಿಕೊಂಡು ಬಿಡಿಸಿದ್ದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ.

ತಪ್ಪಿದ ದಿನದ ಲೆಕ್ಕ

‘21 ದಿನ ಮಾಡಿದರೆ ಅಭ್ಯಾಸವಾಗುತ್ತದೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ಒಂದು ಸಣ್ಣ ಅಭ್ಯಾಸ ಮೈಗೂಡಲು ಒಬ್ಬೊಬ್ಬರಿಗೆ 18ರಿಂದ 254 ದಿನಗಳವರೆಗೆ ಬೇಕೆಂದು ಅವರ ಲೆಕ್ಕ ಹೇಳಿತು. ನಡುವಿನ ಅಂಕಿ 66. ನಮಗೆ ಮುಖ್ಯವಾದದ್ದು ಇನ್ನೊಂದು ಸಂಗತಿ. ನಡುವೆ ಒಂದು ದಿನ ತಪ್ಪಿಹೋದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಆದರೂ ಒಂದು ದಿನ ತಪ್ಪಿದ ಕೂಡಲೇ ‘ಸರಣಿ ಮುರಿಯಿತು’ ಎಂದು ಪೂರ್ತಿ ಕೈಬಿಡುವವರೇ ಹೆಚ್ಚು. ಖಾಲಿ ದಿನ ಇಟ್ಟುಕೊಳ್ಳುವುದು ಇದಕ್ಕೇ. ನವೆಂಬರ್‌ನಲ್ಲಿ ನನಗೆ ಮೂರು ದಿನ ತಪ್ಪಿದವು. ಒಮ್ಮೆ ಇಂಟರ್ನಲ್ ಪರೀಕ್ಷೆ, ಒಮ್ಮೆ ಸೋದರಮಾವನ ಮಗಳ ಮದುವೆ, ಒಮ್ಮೆ ಜ್ವರ. ಮೂರನ್ನೂ ಆಯಾ ವರ್ಗದ ಆರನೆಯ ದಿನ ತುಂಬಿಕೊಂಡೆ. 30ನೇ ತಾರೀಖಿಗೆ 25 ಚಿತ್ರ ಕೈಯಲ್ಲಿದ್ದವು. ಇಂಕ್‌ಟೋಬರ್‌ನಲ್ಲೂ ದಿನ ಬಿಟ್ಟು ದಿನ ಬಿಡಿಸುವ ‘ಹಾಫ್ ಮ್ಯಾರಥಾನ್’, ವಾರಕ್ಕೊಂದು ಬಿಡಿಸುವ ‘ಫೈವ್ ಕೆ’ ಎಂಬ ಆಯ್ಕೆಗಳಿವೆ. ಪರೀಕ್ಷೆ ಹತ್ತಿರ ಇದ್ದವರು ನಾಚಿಕೆಯಿಲ್ಲದೆ ಅದನ್ನು ಆರಿಸಿಕೊಳ್ಳಬಹುದು.

ಚಿತ್ರಗಳನ್ನು ದಿನಾ ಹಂಚಿಕೊಳ್ಳಬೇಕೆಂಬ ಕಡ್ಡಾಯವೂ ಇಲ್ಲ. ನಾನು ಆರನೆಯ ದಿನ ಒಂದು ವರ್ಗದ ಐದನ್ನೂ ಒಟ್ಟಿಗೆ ಹಾಕುತ್ತಿದ್ದೆ. ಲೈಕ್ ಎಷ್ಟು ಬಂತು ಎಂದು ನೋಡುವ ಚಡಪಡಿಕೆ ತಿಂಗಳಲ್ಲಿ ಐದು ದಿನಕ್ಕೆ ಇಳಿಯಿತು.

ಖಾನಾವಳಿ ಕಾಕು ಕೇಳಿದ ಪ್ರಶ್ನೆ

ಸವಾಲಿನಿಂದ ಸಿಗುವ ದೊಡ್ಡ ಲಾಭ ಚಿತ್ರಗಳಲ್ಲ, ಆ ಐದು ನಿಮಿಷದ ಲೆಕ್ಕ. ದಿನಾ ಮೂರೇ ಸಾಲು ಬರೆಯಿರಿ: ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಸಿಕ್ಕಿಕೊಂಡೆ, ಯಾವ ಭಾಗ ಸರಿ ಬಂತು. ನನ್ನ ನೋಟ್‌ಬುಕ್ ಪ್ರಕಾರ ಕ ವರ್ಗದ ಪೂರ್ತಿ ಚಿತ್ರಗಳಿಗೆ ಸರಾಸರಿ 85 ನಿಮಿಷ ಹಿಡಿದಿತ್ತು. ಪ ವರ್ಗದ ಹೊತ್ತಿಗೆ 65ಕ್ಕೆ ಇಳಿಯಿತು. ಬಣ್ಣಕ್ಕೆಂದು ಇಟ್ಟ 15 ನಿಮಿಷ ಒಂದು ದಿನವೂ ಸಾಲಲಿಲ್ಲ. ಮನುಷ್ಯರಿರುವ ಚಿತ್ರಕ್ಕೆ ಎರಡು ತಾಸು ಬೇಕೇ ಬೇಕು, ಬೆರಳುಗಳೇ ಅರ್ಧ ಸಮಯ ತಿನ್ನುತ್ತವೆ.

ಡಿಸೆಂಬರ್‌ನಲ್ಲಿ ನಾವು ಊಟ ಮಾಡುವ ಖಾನಾವಳಿಯ ಕಾಕು, ರೊಟ್ಟಿ ಪ್ಯಾಕೆಟ್ಟಿನ ಮೇಲೆ ಹಾಕಲು ಒಂದು ಚಿತ್ರ ಬೇಕೆಂದರು. ಹೆಣ್ಣುಮಗಳು ರೊಟ್ಟಿ ಬಡಿಯುವ ಚಿತ್ರ. “ಎಷ್ಟ್ ದಿನಾ ಹಿಡೀತದವಾ? ರೊಕ್ಕಾ ಎಷ್ಟ್ ಅಂತಿ?” ಎಂದು ಕೇಳಿದರು. ಚಿತ್ರ ಬಿಡಿಸುವ ಹೊಸಬರೆಲ್ಲ ತಡವರಿಸುವ ಪ್ರಶ್ನೆ ಇದು. ಬಾಯಿಗೆ ಬಂದ ಬೆಲೆ ಹೇಳಿ ಆಮೇಲೆ ವಾರಗಟ್ಟಲೆ ದುಡಿಯುವವರನ್ನು ನೋಡಿದ್ದೇನೆ. ನನ್ನ ಬಳಿ ಲೆಕ್ಕ ಇತ್ತು. ಮನುಷ್ಯರ ಚಿತ್ರ, ಮೂರು ಮಾದರಿ, ಎರಡು ಸಲ ತಿದ್ದುಪಡಿ ಸೇರಿ ಎಂಟು ತಾಸು. ಮಕ್ಕಳಿಗೆ ಪಾಠ ಹೇಳಿದರೆ ನನಗೆ ತಾಸಿಗೆ 150 ರೂಪಾಯಿ ಸಿಗುತ್ತದೆ. “ನಾಲ್ಕ್ ದಿನಾ ಬೇಕ್ರಿ ಕಾಕೂ, ಒಂದ್ ಸಾವಿರದ ಎರಡನೂರ ಆಗ್ತದ” ಅಂದೆ. “ಸಾವಿರಕ್ಕ ಮುಗಸವಾ” ಅಂದರು. ಮುಗಿಸಿಕೊಟ್ಟೆ. ಏಳೂವರೆ ತಾಸು ಹಿಡಿಯಿತು.

ಸಾವಿರ ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ‘ಇದರಿಂದ ಹೊಟ್ಟೆ ತುಂಬುತ್ತಾ?’ ಎಂದು ಮನೆಯಲ್ಲಿ ಕೇಳಿದಾಗ ತಾಸಿನ ಲೆಕ್ಕ ಮುಂದಿಟ್ಟು ಮಾತಾಡಬಹುದು. ಅಪ್ಪ ಒಪ್ಪಿದ್ದಾರೆ ಎಂದೇನಲ್ಲ. ಬ್ಯಾಂಕ್ ಪರೀಕ್ಷೆಗೂ ಓದು ಅನ್ನುತ್ತಾರೆ, ಓದುತ್ತಿದ್ದೇನೆ. ಆದರೆ ಲ್ಯಾಪ್‌ಟಾಪಿನ ಮುಂದೆ ಕೂತ ಆ ಒಂದು ತಾಸನ್ನು ಈಗ ಅವರು ‘ಟೈಮ್ ಪಾಸ್’ ಎನ್ನುವುದಿಲ್ಲ.

ನೀನೇ ಬಿಡಿಸಿದ್ದಾ?

ಎಐ ಕ್ಷಣದಲ್ಲಿ ಚಿತ್ರ ಕೊಡುವ ಕಾಲದಲ್ಲಿ ಈ ಪ್ರಶ್ನೆಯನ್ನೂ ಎದುರಿಸಬೇಕು. ಉತ್ತರ ಮಾತಿನಲ್ಲಿ ಬೇಡ, ಕಡತದಲ್ಲಿರಲಿ. ಲೇಯರ್‌ಗಳಿರುವ ಮೂಲ ಕಡತವನ್ನು ಅಳಿಸಬೇಡಿ. ಕ್ರಿಟಾ, ಐಬಿಸ್‌ಪೇಂಟ್, ಪ್ರೊಕ್ರಿಯೇಟ್ ಎಲ್ಲದರಲ್ಲೂ ಬಿಡಿಸುವ ಕ್ರಮವನ್ನು ವಿಡಿಯೊ ಮಾಡಿಕೊಳ್ಳುವ ಸೌಲಭ್ಯ ಇದೆ. ವಾರಕ್ಕೊಂದು ವಿಡಿಯೊ ಉಳಿಸಿಕೊಂಡರೂ ಸಾಕು, ಜಾಗ ಕಡಿಮೆ ಹಿಡಿಯುತ್ತದೆ. ನೋಟ್‌ಬುಕ್ಕಿನ ಚಿಕ್ಕ ಚೌಕಗಳನ್ನೂ ಫೋಟೊ ತೆಗೆದು ಜೊತೆಗಿಡಿ. ಗೀಚಿನಿಂದ ಮುಗಿದ ಚಿತ್ರದವರೆಗಿನ ದಾರಿ ತೋರಿಸಬಲ್ಲವರನ್ನು ಕೆಲಸ ಕೊಡುವವರು ಬೇಗ ನಂಬುತ್ತಾರೆ.

ತಿಂಗಳು ಮುಗಿದ ಮೇಲೆ ಒಂದು ವಾರ ಚಿತ್ರಗಳನ್ನು ತೆರೆಯಬೇಡಿ. ಆಮೇಲೆ ಹೊಸ ಕಣ್ಣಿನಿಂದ ನೋಡಿ, ಆರೋ ಏಳೋ ಆರಿಸಿ, ಅವನ್ನು ಮಾತ್ರ ಇನ್ನಷ್ಟು ತಿದ್ದಿ ಪೋರ್ಟ್‌ಫೋಲಿಯೊಗೆ ಸೇರಿಸಿ. ಉಳಿದವು ಅಭ್ಯಾಸದ ಖಾತೆಗೆ. ನನ್ನ 25ರಲ್ಲಿ ಉಳಿದದ್ದು ಏಳು, ಢಕ್ಕೆ ಅದರಲ್ಲೊಂದು.

ಈ ನವೆಂಬರ್‌ಗೆ ಯಾರಾದರೂ ಶುರು ಮಾಡುವುದಿದ್ದರೆ ವರ್ಗೀಯ ವ್ಯಂಜನಗಳ ಯೋಜನೆಯನ್ನು ಹಾಗೆಯೇ ಎತ್ತಿಕೊಳ್ಳಬಹುದು. ಪದಗಳು ಮಾತ್ರ ನಿಮ್ಮ ಊರಿನವೇ ಇರಲಿ. ನಾನು ಉಳಿದ ಒಂಬತ್ತು ಅವರ್ಗೀಯಗಳನ್ನು ಹಿಡಿಯುವವಳಿದ್ದೇನೆ. ‘ಳ’ದಿಂದ ಶುರುವಾಗುವ ಪದವೂ ಇಲ್ಲ. ಅಂದರೆ ಅವತ್ತೂ ಹಗುರದ ದಿನ.