ಬೆಂಗಳೂರಿನ ಧ್ರುವ ಗೇಮ್ ಕಟ್ಟಿದ ಕಥೆ

ಅಜ್ಜ-ಅಜ್ಜಿಯರಿಗೆ ಗೇಮ್ ಎಂದರೆ ಮೊಮ್ಮಕ್ಕಳ ಕೈಯಿಂದ ಕಿತ್ತಿಡಬೇಕಾದ ಮೊಬೈಲ್. ಮೊಮ್ಮಕ್ಕಳಿಗೆ ಅದು ಹೋಮ್‌ವರ್ಕ್ ಮುಗಿದ ಮೇಲೆ ಸಿಗುವ ಬಹುಮಾನ. ಆ ಗೇಮನ್ನು ಯಾರೋ ಕೂತು ತಿಂಗಳುಗಟ್ಟಲೆ ಕಟ್ಟಿರುತ್ತಾರೆ, ಅದರಿಂದಲೇ ಅವರ ಮನೆ ನಡೆಯುತ್ತದೆ, ಅಂಥವರು ನಮ್ಮ ಬೆಂಗಳೂರಿನಲ್ಲೇ ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಇದ್ದಾರೆ ಎಂಬುದು ಇಬ್ಬರಿಗೂ ಅಷ್ಟಾಗಿ ಗೊತ್ತಿಲ್ಲ.

ನಾನು ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಮನೆ ಬಸವನಗುಡಿಯಲ್ಲಿ. ಹತ್ತನೇ ತರಗತಿ ಓದುತ್ತಿರುವ ಮೊಮ್ಮಗಳು "ತಾತ, ನಾನು ಮುಂದೆ ಗೇಮ್ ಮಾಡೋದನ್ನ ಕಲೀತೀನಿ" ಅಂದಾಗಿನಿಂದ ಮನೆಯಲ್ಲಿ ಎರಡು ಪಕ್ಷ. ಪಿಯುಸಿ ಸೈನ್ಸು, ಸಿಇಟಿ, ಎಂಜಿನಿಯರಿಂಗ್ ಎಂಬ ನೇರ ದಾರಿ ಅವಳಪ್ಪನದು. "ಮಗು ಚೆನ್ನಾಗಿ ಚಿತ್ರ ಬರೆಯತ್ತೆ, ಆದ್ರೆ ಅದರಿಂದ ಹೊಟ್ಟೆ ತುಂಬತ್ತಾ?" ಎಂಬ ಚಿಂತೆ ಅವಳಜ್ಜಿಯದು. ತೀರ್ಮಾನ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ವಿಷಯ ತಿಳಿಯದೆ ಹೇಗೆ ಹೇಳುವುದು? ನಮ್ಮೂರಿನಲ್ಲಿ ಈ ಕಸುಬು ಹೇಗೆ ಶುರುವಾಯಿತು, ಹೇಗೆ ಬೆಳೆಯಿತು ಎಂದು ಹುಡುಕಿ ಓದತೊಡಗಿದೆ. ಓದಿದ್ದರಲ್ಲಿ ಒಂದಿಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಅರಸರೂ ಆಟ ಕಟ್ಟಿದ್ದರು

ಹೊಸ ಆಟ ಹೊಸೆಯುವುದು ಕನ್ನಡನಾಡಿಗೆ ಹೊಸದೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಮಣೆಯಾಟಗಳನ್ನೂ ಎಲೆಯಾಟಗಳನ್ನೂ ರೂಪಿಸಿದವರು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಆಟಗಳಿಗಾಗಿಯೇ ‘ಕೌತುಕನಿಧಿ’ ಎಂಬ ಭಾಗವಿದೆ. ಆಟ ಎಂದರೆ ಹೊತ್ತು ಕಳೆಯುವ ಸಾಧನವಷ್ಟೇ ಎಂದು ಅವರು ಎಣಿಸಿದ್ದರೆ ಅದಕ್ಕೆ ಗ್ರಂಥದಲ್ಲಿ ಜಾಗ ಸಿಗುತ್ತಿರಲಿಲ್ಲ. ನಿಯಮ, ಲೆಕ್ಕ, ಚಿತ್ರ ಈ ಮೂರೂ ಕೂಡಿದಾಗಲೇ ಒಳ್ಳೆಯ ಆಟ ಆಗುವುದು. ಇಂದಿನ ವಿಡಿಯೊ ಗೇಮ್ ನಿಂತಿರುವುದೂ ಈ ಮೂರರ ಮೇಲೆಯೇ.

1997ರ ಸಾಹಸ

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಗತೊಡಗಿದ್ದು 1995ರ ಆಗಸ್ಟ್ 15ರಂದು. ಆಗ ಟೆಲಿಫೋನ್ ತಂತಿಯಲ್ಲಿ ಕಿರ್ ಎಂದು ಸದ್ದು ಮಾಡುತ್ತಾ ಬರುತ್ತಿತ್ತು ಅದು. ಒಂದು ಚಿತ್ರ ತೆರೆಯ ಮೇಲೆ ಪೂರ್ತಿ ಮೂಡುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಅಂಥ ಕಾಲದಲ್ಲಿ, 1997ರಲ್ಲಿ, ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ‘ಧ್ರುವ ಇಂಟರ್‌ಆ್ಯಕ್ಟಿವ್’ ಎಂಬ ಗೇಮ್ ಸ್ಟುಡಿಯೊ ಆರಂಭಿಸಿದರು. ಭಾರತದ ಮೊದಲ ಗೇಮ್ ಕಂಪನಿ ಎಂದು ಹೆಸರಾದದ್ದು ಅದೇ. ಮೊಬೈಲಿನಲ್ಲಿ ಹಾವಿನ ಆಟ ತುಂಬಿಕೊಂಡು ನೋಕಿಯಾ 6110 ಬಂದದ್ದೂ ಅದೇ ವರ್ಷ. ಆ ಹಾವನ್ನು ಈಗಿನ ಅಪ್ಪ-ಅಮ್ಮಂದಿರು ಇನ್ನೂ ಮರೆತಿರಲಾರರು.

ಆಗ ಈ ವಿದ್ಯೆ ಕಲಿಸುವ ಕಾಲೇಜು ಇಲ್ಲಿ ಎಲ್ಲಿತ್ತು? ಗೇಮ್ ಕೊಳ್ಳುವ ಗಿರಾಕಿಗಳೂ ಇಲ್ಲಿ ಕಡಿಮೆ. ಹೀಗಾಗಿ ಧ್ರುವ ಕೆಲಸ ಹುಡುಕಿಕೊಂಡು ಹೊರದೇಶದ ಬಾಗಿಲು ತಟ್ಟಿತು. ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿ 1998ರಲ್ಲಿ ನಿಂಟೆಂಡೊ 64 ಯಂತ್ರಕ್ಕೆಂದು ‘ಮಿಷನ್: ಇಂಪಾಸಿಬಲ್’ ಎಂಬ ಗೇಮ್ ತಂದಿತ್ತು. ಅದನ್ನು ಕಂಪ್ಯೂಟರಿನಲ್ಲಿ ಆಡುವಂತೆ ಮಾರ್ಪಡಿಸುವ ಕೆಲಸ ಧ್ರುವಕ್ಕೆ ಬಂತು. ಆದರೆ ಆ ಕಂಪ್ಯೂಟರ್ ಗೇಮ್ ಕೊನೆಗೂ ಅಂಗಡಿಯ ಮುಖ ಕಾಣಲಿಲ್ಲ, ಯೋಜನೆಯೇ ರದ್ದಾಯಿತು.

ಮಕ್ಕಳೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಕಷ್ಟಪಟ್ಟು ಮಾಡಿದ್ದು ಯಾರ ಕಣ್ಣಿಗೂ ಬೀಳದೆ ಹೋದರೆ ಏನು ಮಾಡಬೇಕು? ಧ್ರುವದವರು ಮುಂದಿನ ಕೆಲಸ ಹುಡುಕಿದರು. ಗೇಮ್ ರದ್ದಾದರೂ ಕೆಲಸ ಕಲಿತ ಕೈಗಳು ಉಳಿದಿದ್ದವು. ಮುಂದೆ ಮೊಬೈಲ್ ಗೇಮ್‌ಗಳಲ್ಲಿ ಚಾರ್ಲಿ ಚಾಪ್ಲಿನ್‌ನ ರೂಪವನ್ನು ಬಳಸುವ ಹಕ್ಕನ್ನು ಈ ಬೆಂಗಳೂರಿನ ಕಂಪನಿ ಕೊಂಡಿತು. ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರಲ್ಲಿ ಬರೆದ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಪುಸ್ತಕದಲ್ಲಿ ರಾಜೇಶ್ ರಾವ್ ಅವರ ಈ ಕಥೆ ಬರುತ್ತದೆ.

ಧ್ರುವಕ್ಕೆ ಅನ್ನ ಹಾಕಿದ್ದು ಮುಖ್ಯವಾಗಿ ಬೇರೆಯವರ ಗೇಮ್‌ಗಳಿಗೆ ಚಿತ್ರ ಕಟ್ಟಿಕೊಡುವ ಕೆಲಸ. ಮೈಕ್ರೊಸಾಫ್ಟ್‌ನ ‘ಫೋರ್ಜಾ’ ಎಂಬ ಕಾರು ಪಂದ್ಯದ ಸರಣಿಗೂ ಧ್ರುವದ ಕಲಾವಿದರು ದುಡಿದಿದ್ದಾರೆ. ಯಾವುದೋ ದೇಶದ ಹುಡುಗ ತನ್ನ ಮನೆಯಲ್ಲಿ ಕೂತು ಆಡುವ ಆಟದಲ್ಲಿ ನಮ್ಮೂರಿನವರ ಕೈಕೆಲಸವೂ ಸೇರಿರುತ್ತದೆ ಎಂದಾಯಿತು.

ಗಾಂಧಿ ಬಜಾರನ್ನು ಕಟ್ಟುವುದು ಹೇಗೆ?

ಈ ‘ಚಿತ್ರ ಕಟ್ಟುವುದು’ ಅಂದರೇನು? ನಮ್ಮ ಗಾಂಧಿ ಬಜಾರನ್ನೇ ಗೇಮ್‌ನೊಳಗೆ ತರಬೇಕು ಅಂದುಕೊಳ್ಳಿ.

ಮೊದಲು ಒಬ್ಬರು ಪೆನ್ಸಿಲ್ ಹಿಡಿದು ಬೀದಿ ಸುತ್ತಬೇಕು. ವಿದ್ಯಾರ್ಥಿ ಭವನದ ಮುಂದೆ ಕಾಯುವ ಜನ, ಹೂವಿನವರ ಬುಟ್ಟಿ, ಮಾರು ಹಾಕುವ ಕೈ, ತರಕಾರಿ ರಾಶಿ ಎಲ್ಲವನ್ನೂ ಬರೆದುಕೊಳ್ಳಬೇಕು. ಆಮೇಲೆ ಇನ್ನೊಬ್ಬರು ಒಂದೊಂದು ವಸ್ತುವನ್ನೂ ಕಂಪ್ಯೂಟರಿನಲ್ಲಿ ಉದ್ದ, ಅಗಲ, ಎತ್ತರ ಇರುವ ಆಕಾರವಾಗಿ ಕಟ್ಟುತ್ತಾರೆ. ಆ ಆಕಾರವೆಲ್ಲ ಪುಟ್ಟ ಪುಟ್ಟ ತ್ರಿಭುಜಗಳ ಬಲೆ. ಒಂದು ಕಾರಿಗೇ ಸಾವಿರಾರು ತ್ರಿಭುಜ ಬೇಕು. ಅದರ ಮೇಲೆ ಬಣ್ಣದ ಹೊದಿಕೆ ಹೊದಿಸಬೇಕು. ಗೋಡೆಗೆ ಸುಣ್ಣ ಎದ್ದ ಗುರುತು, ಸ್ಟೀಲ್ ಲೋಟಕ್ಕೆ ಹೊಳಪು, ಕನಕಾಂಬರಕ್ಕೆ ಕನಕಾಂಬರದ್ದೇ ಬಣ್ಣ. ಮನುಷ್ಯರಿಗೆ ಒಳಗೆ ಮೂಳೆಗಳಂಥ ಚೌಕಟ್ಟು ಇಟ್ಟರೆ ಮಾತ್ರ ಕೈಕಾಲು ಆಡುತ್ತದೆ. ತೊಗಲುಗೊಂಬೆಗೆ ಕೀಲು ಇದ್ದ ಹಾಗೆ.

ಇಷ್ಟಾದ ಮೇಲೆ ಪ್ರೋಗ್ರಾಮ್ ಬರೆಯುವವರ ಸರದಿ. ನೀವು ಗುಂಡಿ ಒತ್ತಿದಾಗ ಸೈಕಲ್ ತಿರುಗಬೇಕು, ಬುಟ್ಟಿಗೆ ಡಿಕ್ಕಿ ಹೊಡೆದರೆ ನಿಂಬೆಹಣ್ಣು ಉರುಳಬೇಕು. ಸೈಕಲ್ ಎಷ್ಟು ಡಿಗ್ರಿ ತಿರುಗಿತು ಎಂಬ ಲೆಕ್ಕಕ್ಕೆ ಬೇಕಾದದ್ದು ಸೈನ್, ಕೊಸೈನ್. "ಈ ತ್ರಿಕೋನಮಿತಿ ಯಾವಾಗ ಉಪಯೋಗಕ್ಕೆ ಬರುತ್ತೆ ಸಾರ್?" ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದ ಎಲ್ಲ ಶಿಷ್ಯರಿಗೂ ಉತ್ತರ ಇಲ್ಲಿದೆ. ಅನೇಕ ಗೇಮ್‌ಗಳಲ್ಲಿ ಸೆಕೆಂಡಿಗೆ 60 ಚಿತ್ರ ಮೂಡುತ್ತವೆ. ಅಂದರೆ ಈ ಲೆಕ್ಕವೆಲ್ಲ ಸೆಕೆಂಡಿನ ಅರುವತ್ತನೇ ಒಂದು ಭಾಗದಲ್ಲಿ ಮುಗಿಯಬೇಕು. ಕೊನೆಯಲ್ಲಿ ಪರೀಕ್ಷಕರು ಆಡಿದ್ದನ್ನೇ ನೂರು ಸಲ ಆಡಿ, ಎಲ್ಲಿ ತಪ್ಪಿದೆ ಎಂದು ಪಟ್ಟಿ ಮಾಡಿ ಕೊಡುತ್ತಾರೆ. ಗೇಮ್ ಆಡಿಯೇ ಸಂಬಳ ಪಡೆಯುವ ಕೆಲಸ ಎಂದು ಆಸೆ ಪಡಬೇಡಿ. ಒಂದೇ ಗೋಡೆಗೆ ನೂರು ಸಲ ಹಾಯುವುದು ಬೇಸರದ ಕೆಲಸವೇ.

ಎರಡು ಸಲ ಕೈ ಬದಲಾಯಿತು

ಹೀಗೆ ದುಡಿಯುತ್ತಾ ಧ್ರುವ ಮುನ್ನೂರಕ್ಕೂ ಹೆಚ್ಚು ಜನರ ಸಂಸ್ಥೆಯಾಗಿ ಬೆಳೆಯಿತು. 2016ರ ಡಿಸೆಂಬರ್‌ನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಧ್ರುವದ ಶೇ 90.5ರಷ್ಟು ಪಾಲನ್ನು 85 ಲಕ್ಷ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಸ್ವೀಡನ್ ಕಂಪನಿಯೇ ಹಣದ ಮುಗ್ಗಟ್ಟಿಗೆ ಸಿಕ್ಕಿತು. 2019ರ ಮೇ ತಿಂಗಳಲ್ಲಿ ತನ್ನ ಪಾಲನ್ನು 79 ಲಕ್ಷ ಡಾಲರ್‌ಗೆ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಲು ಒಪ್ಪಿತು. ರಾಕ್‌ಸ್ಟಾರ್ ಆಗಲೇ ಬೆಂಗಳೂರಿನಲ್ಲಿ ತನ್ನ ಸ್ಟುಡಿಯೊ ನಡೆಸುತ್ತಿತ್ತು. ಧ್ರುವದ ತಂಡ ಅದರಲ್ಲಿ ಸೇರಿಹೋಯಿತು.

ಗೆದ್ದ ಕಥೆಯೋ ಸೋತ ಕಥೆಯೋ ಎಂದು ಮೊಮ್ಮಗಳು ಕೇಳಿದಳು. ಕೆಲಸ ಉಳಿಯಿತು, ಕಸುಬು ಬೆಳೆಯಿತು, ಹೆಸರು ಹೋಯಿತು ಎಂದೆ. ಜಗತ್ತಿನ ಅತಿ ದೊಡ್ಡ ಗೇಮ್ ಕಂಪನಿಗಳು ಇಂದು ಬೆಂಗಳೂರಿನ ಕಲಾವಿದರನ್ನು ನಂಬಿ ಕೆಲಸ ಕೊಡುತ್ತವೆ. ಆ ನಂಬಿಕೆ ಹುಟ್ಟಿಸಿದವರಲ್ಲಿ ಮೊದಲಿಗರು ಧ್ರುವದವರು. ಆದರೆ ಲೋಕ ಮೆಚ್ಚಿದ ಆ ದೊಡ್ಡ ಗೇಮ್‌ಗಳ ಕಥೆ, ಪಾತ್ರ, ಊರು ಬಹುಪಾಲು ಬೇರೆಯವರದ್ದೇ.

ನಮ್ಮದೇ ಕಥೆ ಬೇಕಲ್ಲ

ಈಗೀಗ ಆ ಬಾಗಿಲೂ ತೆರೆಯುತ್ತಿದೆ. ಉಡುಪಿಯಲ್ಲಿ ರೋಹಿತ್ ಭಟ್ ಅವರು 2008ರಲ್ಲಿ ಆರಂಭಿಸಿದ ‘99ಗೇಮ್ಸ್’ ಸ್ಟುಡಿಯೊ 2014ರಲ್ಲಿ ‘ಸ್ಟಾರ್ ಶೆಫ್’ ಎಂಬ ಅಡುಗೆಯ ಆಟ ತಂದಿತು. ಊರೂರಿಗೆ ಹೋಟೆಲು ಕೊಟ್ಟ ಉಡುಪಿಯಿಂದಲೇ ಹೋಟೆಲಿನ ಆಟ ಬಂದದ್ದು ಎಷ್ಟು ಚೆಂದ! ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ತಂದ ‘ರಾಜಿ’ ಎಂಬ ಗೇಮ್‌ನಲ್ಲಿ ನಮ್ಮ ಪುರಾಣಗಳ ಲೋಕವೇ ಇದೆ. ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ಮಾಡಿತು. ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು.

ಹಾಗೆಂದು ದಾರಿ ಬರೀ ಹೂವಿನದಲ್ಲ. ಚಿತ್ರ ಮತ್ತು ಗೇಮ್ ಕೆಲಸ ಮಾಡುತ್ತಿದ್ದ ಟೆಕ್ನಿಕಲರ್ ಎಂಬ ಫ್ರೆಂಚ್ ಸಂಸ್ಥೆ 2025ರ ಆರಂಭದಲ್ಲಿ ಕುಸಿದಾಗ ಅದರ ಬೆಂಗಳೂರಿನ ಸ್ಟುಡಿಯೊವೂ ಮುಚ್ಚಿತು. ಸಾವಿರಾರು ಜನ ರಾತ್ರೋರಾತ್ರಿ ಕೆಲಸ ಕಳೆದುಕೊಂಡರು.

ಹಿರಿಯರು ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೇ ಬೇರೆ. ಅವುಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ವಿಡಿಯೊ ಗೇಮ್‌ಗಳಲ್ಲೂ ದೊಡ್ಡವರಿಗೆ ಮಾತ್ರ ಎಂದು ಗುರುತು ಹಾಕಿದವು ಇರುತ್ತವೆ. ರಾಕ್‌ಸ್ಟಾರ್‌ನ ಹೆಸರಾಂತ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಅಂಥದ್ದು. ಮಕ್ಕಳಿಗೆ ಗೇಮ್ ಕೊಡಿಸುವ ಮೊದಲು ಆ ವಯಸ್ಸಿನ ಗುರುತನ್ನು ನೋಡಿ.

ನಮ್ಮ ಮನೆಯಲ್ಲಿ ನಾನು ಹೇಳಿದ್ದು ಇಷ್ಟು: "ಪುಟ್ಟಿ ಚಿತ್ರ ಬಿಡೋದು ಬೇಡ, ಗಣಿತಾನೂ ಬಿಡೋದು ಬೇಡ. ಪಿಯುಸಿ ಮುಗಿಯೋದರೊಳಗೆ ಒಂದು ಚಿಕ್ಕ ಗೇಮನ್ನ ಪೂರ್ತಿ ಮಾಡಿ ತೋರಿಸ್ಲಿ. ಅರ್ಧಕ್ಕೆ ಬಿಟ್ಟದ್ದು ಲೆಕ್ಕಕ್ಕಿಲ್ಲ. ಮಾಡಿದ್ರೆ ಅವಳ ದಾರಿ ಅವಳದು." ಅವಳಪ್ಪ ಸುಮ್ಮನಾದ. ಪುಟ್ಟಿ ಕೈಕುಲುಕಿದಳು.

ಮನೆಯಲ್ಲೇ ಶುರು ಮಾಡಿ

ನೀವೂ ಇದನ್ನು ಪ್ರಯತ್ನಿಸಬಹುದು. ಕಂಪ್ಯೂಟರ್ ಇದ್ದರೆ ‘ಸ್ಕ್ರ್ಯಾಚ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮಕ್ಕಳಿಗಾಗಿಯೇ ಮಾಡಿದ್ದು. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸುತ್ತಾ ಆಟ ಕಟ್ಟಬಹುದು.

ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಅಜ್ಜಿಯನ್ನು ಕರೆದು ನೆಲದ ಮೇಲೆ ಚೌಕಾಬಾರದ ಮನೆ ಬರೆಯಿರಿ. ನಾಲ್ಕು ಕವಡೆ ತನ್ನಿ. ಕವಡೆ ನಾಣ್ಯದ ಹಾಗೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ, 16 ಸಲ ಎಸೆದಾಗ ಸರಾಸರಿ ಆರು ಸಲ ಎರಡು ಬೀಳಬೇಕು, ಒಂದು ಸಲ ಮಾತ್ರ ಚೌಕ, ಒಂದೇ ಸಲ ಬಾರ. ನಿಮ್ಮ ಮನೆಯ ಕವಡೆ ಈ ಲೆಕ್ಕಕ್ಕೆ ಬಗ್ಗುತ್ತದೆಯೇ? ನೂರಾ ಅರುವತ್ತು ಸಲ ಎಸೆದು ಬರೆದಿಡಿ. ಆಮೇಲೆ ಒಂದೇ ಒಂದು ನಿಯಮ ಬದಲಿಸಿ. ಬಾರ ಬಿದ್ದವರು ಒಂದು ಸರದಿ ಬಿಡಬೇಕು ಎನ್ನಿ, ಅಥವಾ ಮಧ್ಯದಲ್ಲಿ ಹೊಸದೊಂದು ಕಟ್ಟೆಮನೆ ಇಡಿ. ಮತ್ತೆ ಆಡಿ ನೋಡಿ. ಆಟ ಸಪ್ಪೆಯಾಯಿತೇ, ರಂಗೇರಿತೇ, ಮೊದಲು ಸೋಲುತ್ತಿದ್ದವರು ಈಗ ಗೆಲ್ಲುತ್ತಿದ್ದಾರೆಯೇ ಎಂದು ಗಮನಿಸಿ. ಗೇಮ್ ಸ್ಟುಡಿಯೊಗಳಲ್ಲಿ ದಿನವೂ ನಡೆಯುವ ಕೆಲಸ ಇದೇ. ಹೊಸ ನಿಯಮ ಅಜ್ಜಿಗೆ ಒಪ್ಪಿಗೆಯಾದರೆ ಆಟಕ್ಕೊಂದು ಹೆಸರಿಡಿ, ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ.