ದೊಡ್ಡ ಕಾರ್ಬೊರೇಟರ್ ಹಾಕಿದ್ರೆ 9.9 ಎಂಜಿನ್ 15 ಆಗ್ತದಾ?

ನಾಡದೋಣಿಯವರು ನಾಲ್ಕು ಜನ ಸೇರಿದಲ್ಲಿ ಈ ಮಾತು ಬಂದೇ ಬರ್ತದೆ: "ಕಾರ್ಬೊರೇಟರ್ ದೊಡ್ಡದು ಕೂರಿಸಿದ್ರೆ 9.9 ಎಂಜಿನ್ 15 ಎಚ್‌ಪಿ ಆಗ್ತದೆ." ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಎಂಜಿನ್ ಎಷ್ಟು ಗಾಳಿ ಎಳೆದುಕೊಂಡು, ಅದಕ್ಕೆ ತಕ್ಕಷ್ಟು ಎಣ್ಣೆ ಸುಡ್ತದೋ ಅಷ್ಟು ಪವರ್. ಕಾರ್ಬೊರೇಟರ್ ಒಳಗಿನ ಕಿರಿದಾದ ಗಂಟಲಿಗೆ ವೆಂಚುರಿ ಅಂತಾರೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳೀತದೆ, ಜೆಟ್ ಮೂಲಕ ಎಣ್ಣೆ ಎದ್ದು ಗಾಳಿಗೆ ಬೆರೀತದೆ. ಗಂಟಲು 20 ಮಿ.ಮೀ. ಇದ್ದದ್ದು 25 ಆದ್ರೆ ಗಾಳಿ ಹೋಗುವ ಜಾಗ ಒಂದೂವರೆ ಪಟ್ಟಿಗಿಂತ ಹೆಚ್ಚಾಗ್ತದೆ.

ಅಮೆರಿಕದ ಹಳೆಯ ಜಾನ್ಸನ್, ಎವಿನ್‌ರೂಡ್ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ 9.9 ಮತ್ತು 15 ಎರಡೂ ಸುಮಾರು 216 ಸಿಸಿ. ಮುಖ್ಯ ವ್ಯತ್ಯಾಸ ಇದ್ದದ್ದು ಕಾರ್ಬೊರೇಟರ್‌ನಲ್ಲೇ. ಆದರೆ ಅದು ಪೆಟ್ರೋಲ್ ಎಂಜಿನ್, ಕಂಪನಿಯೇ ಮಾಡಿದ ಲೆಕ್ಕ. ಸೀಮೆಎಣ್ಣೆ ಎಂಜಿನ್‌ನಲ್ಲಿ ಬಡಿತ ಬರಬಾರದು ಅಂತ ಕಂಪ್ರೆಷನ್ ಕಡಿಮೆ ಇಟ್ಟಿರ್ತಾರೆ. ಗಂಟಲು ದೊಡ್ಡದು ಮಾಡಿದ ಮಾತ್ರಕ್ಕೆ ಅಷ್ಟೇ ಲಾಭ ಸಿಗೋದಿಲ್ಲ.

ತೊಂದರೆ ಬೇರೆ ಇದೆ. ಗಾಳಿ ಹೆಚ್ಚಾಗಿ ಜೆಟ್ ಹಳೆಯದೇ ಉಳಿದ್ರೆ ಎಣ್ಣೆ ಸಾಲೋದಿಲ್ಲ. ಟೂ-ಸ್ಟ್ರೋಕ್‌ನಲ್ಲಿ ಇಂಧನದ ಜೊತೆಗೇ ಆಯಿಲ್ ಹೋಗುವುದರಿಂದ ಅದೂ ಕಡಿಮೆಯಾಗಿ ಪಿಸ್ಟನ್ ಕಾದು ಸೀಜ್ ಆಗಬಹುದು. ಬಲೆ ಬಿಡುವಾಗ ಎಂಜಿನ್ ನಿಧಾನ ಓಡಬೇಕು. ದೊಡ್ಡ ಗಂಟಲಲ್ಲಿ ಆಗ ಗಾಳಿಯ ವೇಗ ಸಾಲದೆ ಎಣ್ಣೆ ಸರಿಯಾಗಿ ಬೆರೆಯದೆ ಎಂಜಿನ್ ಆಫ್ ಆಗ್ತದೆ. ಮಳೆಗಾಲದಲ್ಲಿ ಅಳಿವೆ ದಾಟುವಾಗ ಹೀಗಾದ್ರೆ ಏನಾಗ್ತದೆ ಅಂತ ದೋಣಿಯವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಕಾನೂನಿನ ವಿಷಯ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ನಮ್ಮ ಕರಾವಳಿಯಲ್ಲಿ ವಿನಾಯಿತಿ ಇರೋದು 10 ಎಚ್‌ಪಿವರೆಗಿನ ಎಂಜಿನ್ ದೋಣಿಗೆ. 9.9 ಎಂಜಿನ್ ಅದರೊಳಗೆ ಬರ್ತದೆ. ಅದನ್ನೇ 15 ಮಾಡಿಕೊಂಡ್ರೆ, ಮೇಲಿನ ಸ್ಟಿಕ್ಕರ್ ಏನೇ ಹೇಳಲಿ, ಮಿತಿ ಮೀರಿದ ಹಾಗೆಯೇ.

ಎಳೆತ ಕಡಿಮೆ ಅನ್ನಿಸಿದ್ರೆ ಮೊದಲು ಜೆಟ್ ಕ್ಲೀನ್ ಮಾಡಿಸಿ, ಪ್ಲಗ್ ನೋಡಿಸಿ, ಪ್ರೊಪೆಲ್ಲರ್ ದೋಣಿಯ ಭಾರಕ್ಕೆ ಹೊಂದ್ತದಾ ಅಂತ ಕೇಳಿ. ಎಷ್ಟೋ ಸಲ ಹೋದ ಪವರ್ ಇಲ್ಲೇ ವಾಪಸ್ ಸಿಗ್ತದೆ.